ಚಾಲಕನಿಲ್ಲದ ರೈಲು, ಅಂದೋಲಾದ ಬಸ್ಸು

ಅಂದೋಲಾದ ಮಠದ ಮುಂದೆ ಬಸ್ಸು ತಿರುಗಿಸಿದ್ದು ಲಾಡ್ಲೆಸಾಬನಿಗೆ ನೆನಪಿತ್ತು. ಆಮೇಲೆ ಕಂಡದ್ದು ಜೇವರ್ಗಿ ನಿಲ್ದಾಣದ ಕಲ್ಲುಕಟ್ಟೆ. ನಡುವಿನ ದಾರಿ ಎಲ್ಲಿಯೂ ಇರಲಿಲ್ಲ.

ಇಂಜಿನ್ನು ಆರಿಸಿ, ಸ್ಟೇರಿಂಗಿನ ಮೇಲೆ ಕೈಯಿಟ್ಟುಕೊಂಡೇ ಅವನು ಕೂತ. ಬೆನ್ನ ಹಿಂದೆ ಜನ ಇಳಿಯುತ್ತಿದ್ದರು. ಕೋಳಿಯ ಬುಟ್ಟಿ, ಹಾಲಿನ ಕ್ಯಾನು, ಯಾರದೋ ಊರುಗೋಲು ಒಂದೊಂದಾಗಿ ಇಳಿದು ಹೋದವು. ಸಂಜೆಯ ಬಿಸಿಲು ಮುಂದಿನ ಗಾಜಿನ ಮೇಲೆ ಹಳದಿಯಾಗಿ ಹರಡಿಕೊಂಡಿತ್ತು. ಅದು ಸಾವಿರದ ಒಂಬೈನೂರ ತೊಂಬತ್ತನೇ ಇಸವಿ. ಮಳೆಗಾಲ ಇನ್ನೂ ಮುಗಿದಿರಲಿಲ್ಲ.

ಕಂಡಕ್ಟರ್ ಹುಲೆಪ್ಪ ಚೀಲ ಹೆಗಲಿಗೇರಿಸಿಕೊಂಡು ಮುಂದೆ ಬಂದ.

"ಹುಲೆಪ್ಪಾ, ಹಾದ್ಯಾಗ ಎಲ್ಲೆಲ್ಲಿ ನಿಂದರಿಸಿದೆ ನಾ?" ಲಾಡ್ಲೆಸಾಬ ಕೇಳಿದ.

"ಎಲ್ಲಾ ಕಡೀನೂ ನಿಂದರಿಸಿದ್ರಿ. ಯಾಕ್ರಿ?"

"ಎಮ್ಮಿ ಅಡ್ಡ ಬಂದಿದ್ವೇನು?"

"ಬಂದಿದ್ವು. ಹಾರನ್ ಹೊಡದು, ಅವು ದಾಟೂ ಮಟ ಕಾದ್ರಿ. ನಡಸಿದವರು ನೀವು, ನನಗ ಕೇಳಾಕತ್ತೀರಲ್ಲ," ಎಂದು ಹುಲೆಪ್ಪ ನಕ್ಕ. ಲಾಡ್ಲೆಸಾಬನೂ ನಕ್ಕ. ಆದರೆ ಬಾಗಿಲಿನ ಸರಳು ಹಿಡಿದುಕೊಂಡೇ ಕೆಳಗಿಳಿದ.

ಇಪ್ಪತ್ತೇಳು ವರ್ಷಗಳಿಂದ ಅವನು ಸರಕಾರಿ ಬಸ್ಸು ಓಡಿಸುತ್ತಿದ್ದ. ಅದರಲ್ಲಿ ಹದಿನೆಂಟು ವರ್ಷ ಜೇವರ್ಗಿಯಿಂದ ಇದೇ ಅಂದೋಲಾ, ಇಜೇರಿಯ ದಾರಿ. ಇಷ್ಟು ವರ್ಷಗಳಲ್ಲಿ ಒಂದು ನಾಯಿಮರಿಯೂ ಅವನ ಗಾಲಿಗೆ ಸಿಕ್ಕಿರಲಿಲ್ಲ. ಆಳಂದದ ದರ್ಗಾಕ್ಕೆ ಹರಕೆ ಹೊತ್ತು ಅವನನ್ನು ಹೆತ್ತ ತಾಯಿ, ಮಗನ ಹೆಗಲ ಮೇಲೆ ಸಂತನ ಕೈ ಇದೆ ಎಂದು ಸಾಯುವವರೆಗೂ ಹೇಳುತ್ತಿದ್ದಳು. ಅಂದು ಮೊದಲ ಸಲ ಹೀಗಾದಾಗ ಅವನು ತಾಯಿಯ ಮಾತನ್ನೇ ನೆನೆದು ಸಮಾಧಾನ ಮಾಡಿಕೊಂಡ. ವಾರದ ನಂತರ ಇನ್ನೊಮ್ಮೆ ಆಯಿತು. ಮೂರನೆಯ ಸಲ ಇಜೇರಿಯಿಂದ ಬರುವಾಗ ಆದ ಮೇಲೆ ಆ ಸಮಾಧಾನ ಉಳಿಯಲಿಲ್ಲ.

ಅದು ನಿದ್ದೆಯಲ್ಲ. ನಿದ್ದೆ ಬಂದರೆ ತಲೆ ವಾಲುತ್ತದೆ, ಗಾಡಿ ಅಂಚಿಗೆ ಹೊರಳುತ್ತದೆ. ಇಲ್ಲಿ ಕೈ ಗೇರು ಬದಲಿಸುತ್ತಿತ್ತು, ಕಾಲು ಬ್ರೇಕು ಒತ್ತುತ್ತಿತ್ತು, ಬಾಯಿ ಸಲಾಮಿಗೆ ಸಲಾಮು ಹೇಳುತ್ತಿತ್ತು. ಅವನು ಮಾತ್ರ ಅಲ್ಲಿ ಇರುತ್ತಿರಲಿಲ್ಲ. ಎಲ್ಲಿದ್ದೆ ಎಂದು ನೆನೆಯಲು ಹೋದರೆ ಮಂದ ಬೆಳಕು, ಹಗುರಾದ ಮೈ, ಯಾವ ಸದ್ದೂ ಇಲ್ಲದ ಹಿತ, ಇಷ್ಟೇ ಸಿಗುತ್ತಿತ್ತು. ಆ ಹಿತವೇ ಅವನನ್ನು ಹೆಚ್ಚು ಹೆದರಿಸಿತು. ಹೆಂಡತಿ ವಜೀರುನ್ನಿಸಾಗೂ ಅವನು ಹೇಳಲಿಲ್ಲ.

ಹೀಗಿರುವಾಗ ಮಗಳು ಗೌಸಿಯಾಬೇಗಂ ಆರು ವಾರದ ರಜೆಯ ಮೇಲೆ ಜೇವರ್ಗಿಯ ಮನೆಗೆ ಬಂದಳು.

ಗೌಸಿಯಾ ಮದುವೆಯಾಗಿ ಕೆನಡಾ ದೇಶಕ್ಕೆ ಹೋಗಿ ಆರು ವರ್ಷವಾಗಿತ್ತು. ಗಂಡ ಅಲ್ಲಿಯ ಒಂದು ಕಡಲದಂಡೆಯ ಊರಲ್ಲಿ ಕಾರ್ಖಾನೆಯ ಕೆಲಸಗಾರ. ಆ ಊರಿನೊಳಗೇ ಓಡಾಡುವ ಹೊಸ ರೈಲು ಶುರುವಾದಾಗ ಅವಳೂ ಅದರ ಕಂಪನಿಗೆ ಸೇರಿದಳು. ಮೊದಲು ಪ್ಲಾಟ್‌ಫಾರ್ಮಿನಲ್ಲಿ ನಿಂತು ಜನರಿಗೆ ದಾರಿ ತೋರಿಸುವ ಕೆಲಸ. ಆಮೇಲೆ ಪರೀಕ್ಷೆ ಬರೆದು, ರೈಲುಗಳನ್ನು ದೂರದಿಂದ ನೋಡಿಕೊಳ್ಳುವ ಕೋಣೆಗೆ ಹೋದಳು. ಪತ್ರದಲ್ಲಿ ಅವಳು ಇದನ್ನೆಲ್ಲ ಬರೆದಿದ್ದಳು. ಆದರೆ ಆ ರೈಲಿಗೆ ಡ್ರೈವರ್ ಇಲ್ಲ ಎಂಬ ಸಾಲನ್ನು ಲಾಡ್ಲೆಸಾಬ ಕೈತಪ್ಪಿನಿಂದ ಬರೆದದ್ದೆಂದು ತಿಳಿದಿದ್ದ.

"ತಪ್ಪಲ್ಲ ಅಬ್ಬಾ, ಖರೇನ ಇಲ್ಲ," ಎಂದಳು ಗೌಸಿಯಾ.

ಬೆಳಗಿನ ಹೊತ್ತು ಮಾಳಿಗೆಯ ಮೇಲೆ ಎಲ್ಲರೂ ಕೂತಿದ್ದರು. ವಜೀರುನ್ನಿಸಾ ಮೊರದಲ್ಲಿ ತೊಗರಿಬೇಳೆ ಆರಿಸುತ್ತಿದ್ದಳು. ವಿದೇಶದಿಂದ ಬಂದವಳನ್ನು ನೋಡಲು ಹುಲೆಪ್ಪನೂ ಬಂದಿದ್ದ. ಆ ಮನೆಯ ಮಾತು ಉರ್ದು. ಆದರೆ ಬಸ್ಸಿನ ಸುದ್ದಿ ಬಂದರೆ ಅಪ್ಪ ಮಗಳು ತಮಗರಿವಿಲ್ಲದೆ ಕನ್ನಡಕ್ಕೆ ಹೊರಳುತ್ತಿದ್ದರು. ಗೌಸಿಯಾ ಚಿಕ್ಕವಳಿದ್ದಾಗ ಅಪ್ಪನ ಹಿಂದಿನ ಸೀಟಿನಲ್ಲಿ ಕೂತು, ಏರಿ ಇಳಿಯುವ ಜನರಿಂದಲೇ ಆ ಮಾತು ಕಲಿತಿದ್ದಳು.

"ಮುಂದಿನ ಸೀಟಿನ್ಯಾಗ ಯಾರು ಕುಂದರ್ತಾರ?" ಹುಲೆಪ್ಪ ಕೇಳಿದ.

"ಯಾರರ ಕುಂದರ್ತಾರ. ಪ್ಯಾಸೆಂಜರು. ಎದುರಿಗಿ ದೊಡ್ಡ ಗಾಜು ಇರ್ತದ. ಮೋಡದಾಗ ಹೊಂಟಂಗ ಅನಿಸ್ತದ, ಹಳಿ ಎತ್ತರದಾಗ ಕಂಬದ ಮ್ಯಾಲ ಅದಾವು."

"ಟಿಕೇಟು ಯಾರು ಹರೀತಾರ?"

"ಮಷೀನು ಕೊಡ್ತದ."

"ಅಂದ್ರ ಕಂಡಕ್ಟರನೂ ಇಲ್ಲ," ಎಂದು ಹುಲೆಪ್ಪ ತನ್ನ ಜೇಬು ಮುಟ್ಟಿ ನೋಡಿಕೊಂಡ. ವಜೀರುನ್ನಿಸಾ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು.

ಲಾಡ್ಲೆಸಾಬ ನಗಲಿಲ್ಲ. "ಹಂಗಾರ ನಡಸವರು ಯಾರು, ಬೇಟಿ?" ಎಂದು ಕೇಳಿದ.

ಗೌಸಿಯಾ ಮೊರದಿಂದ ಒಂದು ಹಿಡಿ ಬೇಳೆ ತೆಗೆದು, ನೆಲದ ಮೇಲೆ ಉದ್ದಕ್ಕೆ ಸಾಲು ಹಾಕಿದಳು. ಅದರ ಮೇಲೆ ಅಲ್ಲಲ್ಲಿ ಮೂರು ಹುಣಸೆಬೀಜ ಇಟ್ಟಳು.

"ಇದು ಹಳಿ. ಇವು ರೈಲು. ನಮ್ಮ ಕೋಣ್ಯಾಗ ಗೋಡಿ ತುಂಬ ಹಿಂಗ ಗೆರಿ ಇರ್ತಾವು, ಒಂದೊಂದು ರೈಲಿಗಿ ಒಂದೊಂದು ದೀಪ. ನಾವು ಐದಾರು ಮಂದಿ ಅವನ್ನ ನೋಡಕೋತ ಕುಂತಿರ್ತೇವಿ. ಈ ಹಿಂದಿನ ರೈಲು ಸುಮ್ಮ ಹೋಗಂಗಿಲ್ಲ. ಕಣ್ಣು ಪಿಳುಕಿಸೂದರಾಗ ಹತ್ತು ಸಲ ಕೇಳ್ತದ: ನಾ ಎಲ್ಲೀ ಮಟ ಹೋಗಬೇಕು? ಕಂಪ್ಯೂಟರ್ ಹೇಳ್ತದ: ಮುಂದಿನ ರೈಲು ಅಲ್ಲಿ ಅದ, ನೀ ಇಲ್ಲೀ ಮಟ ಬಾ. ಅಷ್ಟ ಬರ್ತದ. ಮತ್ತ ಕೇಳ್ತದ."

"ಜವಾಬು ಬರಲಿಲ್ಲಂದ್ರ?"

"ನಿಂದರ್ತದ."

"ನಿಲ್ಲು ಅಂತ ಯಾರು ಹೇಳ್ತಾರ?"

"ಯಾರೂ ಹೇಳೂದು ಬೇಕಿಲ್ಲ ಅಬ್ಬಾ. ನಡೀಲಾಕ ಹುಕುಂ ಬೇಕು. ನಿಂದರಲಾಕ ಬೇಕಿಲ್ಲ. ಮುಂದ ಏನದ ಅಂತ ಗೊತ್ತಾಗಲಿಲ್ಲಂದ್ರ ಅದು ತಾನ ನಿಂದರ್ತದ."

ಲಾಡ್ಲೆಸಾಬ ಆ ಮೂರು ಹುಣಸೆಬೀಜಗಳನ್ನು ನೋಡುತ್ತ ಕೂತ. ಅವನ ಕಣ್ಣಿಗೆ ಅವು ಮೆಲ್ಲನೆ ಚಲಿಸಿದಂತೆ ಕಂಡವು. ಒಂದರ ಹಿಂದೊಂದು, ಬಿಳಿ ಆಕಾಶದ ಕೆಳಗೆ, ಮುಂದೆ ಯಾರೂ ಕೂರದ ಮೂರು ಬೆಳಕಿನ ಡಬ್ಬಿಗಳು ಒಂದನ್ನೊಂದು ಕೇಳುತ್ತ, ಕಾಯುತ್ತ ಹೋಗುತ್ತಿದ್ದವು.

ಗೌಸಿಯಾ ಇನ್ನೂ ಬಹಳ ಹೇಳಿದಳು. ದಿನಾ ಬೆಳಗ್ಗೆ ಜನ ಹತ್ತುವ ಮೊದಲು ಒಂದು ಖಾಲಿ ರೈಲು ಇಡೀ ಹಳಿಯ ಮೇಲೆ ಹೋಗಿ ಬರುತ್ತದೆ. ಅದರ ಮುಂದಿನ ಗಾಜಿಗೆ ಮುಖ ಹಚ್ಚಿ ಒಬ್ಬರು ನಿಂತಿರುತ್ತಾರೆ, ಹಳಿಯ ಮೇಲೆ ಕೊಂಬೆಗಿಂಬೆ ಬಿದ್ದಿದೆಯೇ ಎಂದು ನೋಡಲು. ನಿಲ್ದಾಣಗಳಲ್ಲಿ ಹಳಿಯ ಪಕ್ಕ ಭಾರ ತಿಳಿಯುವ ಹಲಗೆಗಳಿವೆ. ಯಾರಾದರೂ ಕೆಳಗೆ ಬಿದ್ದರೆ ಬರುವ ರೈಲು ಅಲ್ಲೇ ನಿಲ್ಲುತ್ತದೆ. ಹಿಮ ಸುರಿಯುವ ಕಾಲದಲ್ಲಿ ಹಳಿ ಹೆಪ್ಪುಗಟ್ಟದಿರಲೆಂದು ಜನರಿಲ್ಲದಿದ್ದರೂ ರೈಲು ಓಡಿಸುತ್ತಾರೆ. ಆಗ ಪ್ರತಿ ರೈಲಿನಲ್ಲೂ ಕಂಪನಿಯ ಒಬ್ಬರು ಹತ್ತುತ್ತಾರೆ. ಕಂಪ್ಯೂಟರು ಕೈಬಿಟ್ಟರೆ ಅವರೇ ಮುಂದಿನ ಮುಚ್ಚಳ ತೆರೆದು, ಒಳಗಿನ ಹಿಡಿಕೆ ಹಿಡಿದು, ನಡಿಗೆಯ ವೇಗದಲ್ಲಿ ಮುಂದಿನ ನಿಲ್ದಾಣದವರೆಗೆ ಒಯ್ಯುತ್ತಾರೆ.

"ಒಂದ್ಸಲ ಹಿಮದ ಗಡ್ಡಿ ಹಲಗಿ ಮ್ಯಾಲ ಬಿತ್ತು," ಎಂದಳು. "ಮನಷ್ಯಾನ ಬಿದ್ದಾನ ಅಂತ ತಿಳದು ರೈಲು ನಿಂತಬಿಟ್ಟಿತು. ಮುನ್ನೂರು ಮಂದಿ ಒಳಗ. ನಾ ಕೋಣ್ಯಾಗಿಂದ ಮೈಕಿನ್ಯಾಗ ಮಾತಾಡಿದೆ. ಹಿಮ ಇರಬೇಕು, ನೋಡಿ ಬರಲಾಕ ಕಳಿಸೇವಿ, ಕುಂದರ್ರಿ ಅಂದೆ. ಭಾಳ ಬೈದ್ರು."

"ನಿನಗ ಸಾಹೇಬರು ಏನರ ಅಂದ್ರೇನು?" ಲಾಡ್ಲೆಸಾಬ ಕೇಳಿದ.

"ಇಲ್ಲ. ನಿಂತದ್ದಕ್ಕ ಯಾರೂ ಕೇಳಂಗಿಲ್ಲ ಅಲ್ಲಿ."

ಹುಲೆಪ್ಪ ಚಹಾ ಕುಡಿದು ಹೋದ. ವಜೀರುನ್ನಿಸಾ ಬೇಳೆ ಎತ್ತಿಕೊಂಡು ಕೆಳಗಿಳಿದಳು. ಮಾಳಿಗೆಯ ಮೇಲೆ ಅಪ್ಪ ಮಗಳು ಇಬ್ಬರೇ ಉಳಿದರು. ದೂರದಲ್ಲಿ ಭೀಮಾ ನದಿಯ ಕಡೆಯಿಂದ ಮೋಡಗಳು ಅವಸರವಿಲ್ಲದೆ ಬರುತ್ತಿದ್ದವು.

"ಬೇಟಿ, ಒಂದು ಮಾತು ಹೇಳ್ತೇನಿ. ನಿಮ್ಮ ಅಮ್ಮಗ ಹೇಳಬ್ಯಾಡ," ಎಂದು ಶುರುಮಾಡಿ ಲಾಡ್ಲೆಸಾಬ ಮೂರು ಸಲ ಆದದ್ದನ್ನೂ ಹೇಳಿದ. ಹೇಳುವಾಗ ಅವಳ ಮುಖ ನೋಡಲಿಲ್ಲ.

ಗೌಸಿಯಾಳ ಮುಖದ ಬಣ್ಣ ಹೋಯಿತು. ರೈಲಿನ ಕಥೆ ಹೇಳುವಾಗಿನ ಹುರುಪು ಉಳಿಯಲಿಲ್ಲ. "ಡಿಪೋದಾಗ ಹೇಳೀರೇನು?" ಎಂದು ಕೇಳಿದಳು.

"ಹೇಳಿದ್ರ ಗಾಡಿ ಕಸಗೋತಾರ. ಗಾಡಿ ಇಲ್ಲಂದ್ರ ನಾ ಏನು ಮಾಡ್ಲಿ? ಮನ್ಯಾಗ ಕುಂದರಲ್ಯಾ?"

"ಕುಂದರ್ರಿ."

"ಏನೂ ಆಗಿಲ್ಲಲ್ಲ, ಗೌಸೂ. ಮೂರು ಸಲನೂ ಸುಸೂತ್ರ ಬಂದೇನಿ. ಕೈಗಿ ದಾರಿ ಗೊತ್ತದ."

"ಕೈಗಿ ಗೊತ್ತದ. ಮುಂದ ಏನದ ಅಂತ ಕೈ ಯಾರಿಗಿ ಕೇಳ್ತದ ಅಬ್ಬಾ?" ಎಂದಳು ಅವಳು. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತ ಕೂತಳು. ನಿನ್ನ ರಜೆ ಮುಗಿಯುವುದರೊಳಗೆ ಡಿಪೋದಲ್ಲಿ ಹೇಳುತ್ತೇನೆ ಎಂದು ಲಾಡ್ಲೆಸಾಬ ಮಾತು ಕೊಟ್ಟ. ಆದರೆ ಮರುದಿನ ಬೆಳಗ್ಗೆ ಖಾಕಿ ಅಂಗಿ ತೊಟ್ಟು ಎಂದಿನಂತೆ ಹೊರಟ. ಅದರ ಮರುದಿನವೂ ಹೊರಟ.

ಹಸ್ತದ ಮಳೆ ಎರಡು ದಿನ ಬಿಡದೆ ಹೊಡೆಯಿತು. ಮೂರನೆಯ ದಿನ ಮಳೆ ಬಿಟ್ಟು ಹೊಳವಾಯಿತು. ಅಂದು ಬೆಳಗ್ಗೆ ಒಂಬತ್ತೂವರೆಗೆ ಅಂದೋಲಾದಿಂದ ಬಸ್ಸು ತುಂಬಿ ಹೊರಟಿತು. ಮುಂದಿನ ಸೀಟುಗಳಲ್ಲಿ ಮಲ್ಲಣ್ಣ ಎಂಬ ಜಮೀನ್ದಾರನ ಮನೆಯವರು ಕೂತಿದ್ದರು. ಜೇವರ್ಗಿಯಲ್ಲಿ ಅವನ ತಮ್ಮನ ನಿಶ್ಚಯಕಾರ್ಯ. ಹೆಂಗಸರ ತೊಡೆಯ ಮೇಲೆ ಹೂವಿನ ಬುಟ್ಟಿ, ಸಕ್ಕರೆ, ಹೊಸ ಸೀರೆ. ಬಸ್ಸೆಲ್ಲ ಮಲ್ಲಿಗೆಯ ವಾಸನೆ.

ಒದ್ದೆ ಕರಿನೆಲದಿಂದ ಆವಿ ಏಳುತ್ತಿತ್ತು. ಎರಡೂ ಬದಿ ಹಸಿರು ತೊಗರಿ. ಬಿಸಿಲು ಬಂದು ಹೋಗಿ ಮಾಡುತ್ತಿತ್ತು. ಲಾಡ್ಲೆಸಾಬನಿಗೆ ನೆನಪಿರುವುದು ಅಷ್ಟೇ.

ಮತ್ತೆ ಅವನು ತನ್ನ ಮೈಗೆ ಬಂದಾಗ ಬಸ್ಸು ನಿಂತಿತ್ತು. ಇಂಜಿನ್ನು ನಡೆಯುತ್ತಿತ್ತು. ಬಲಗಾಲು ಬ್ರೇಕಿನ ಮೇಲೆ ಕಲ್ಲಿನಂತೆ ಊರಿತ್ತು. ಎದುರಿಗೆ ಹಳ್ಳ. ದಾಟುವ ತಗ್ಗು ಸೇತುವೆಯ ಮೇಲೆ ಕೆಂಪು ನೀರು ಅಗಲವಾಗಿ, ಸದ್ದಿಲ್ಲದೆ ಹರಿಯುತ್ತಿತ್ತು. ಅಂಚು ತೋರಿಸಲು ನೆಟ್ಟಿದ್ದ ಬಿಳಿ ಕಲ್ಲುಗಳಲ್ಲಿ ಎರಡರ ತಲೆ ಮಾತ್ರ ಕಾಣುತ್ತಿತ್ತು. ಬಸ್ಸಿನ ಮುಂದಿನ ಗಾಲಿಗಳು ಆಗಲೇ ನೀರು ಮುಟ್ಟಿದ್ದವು.

ನಿಲ್ಲಿಸಿದ್ದು ತಾನೇ? ನೀರು ಕಂಡು ನಿಲ್ಲಿಸಿದೆನೋ, ಅಥವಾ ಕಾಲು ತಾನಾಗಿ ನಿಂತಿತೋ? ಅವನಿಗೆ ತಿಳಿಯಲಿಲ್ಲ.

"ಯಾಕ ನಿಂದರಿಸಿದಿ ಲಾಡ್ಲೆಸಾಬ? ಮೊಳಕಾಲುದ್ದ ನೀರು ಇಲ್ಲ, ನಡಿ," ಎಂದ ಮಲ್ಲಣ್ಣ. "ಹೋದ ವರ್ಷ ಇದಕ್ಕ ಎರಡರಷ್ಟು ಇತ್ತು, ದಾಟಿಸಿದ್ದಿ. ಹನ್ನೊಂದರೊಳಗ ನಾವು ಅಲ್ಲಿರಬೇಕು."

ಅದು ನಿಜ. ಲಾಡ್ಲೆಸಾಬ ದಾಟಿಸಿದ್ದ. ಈಗಲೂ ಕೈ ಗೇರಿನ ಗುಂಡಿಯ ಮೇಲೆ ಹೋಗಿ ಕೂತಿತ್ತು. ಅದಕ್ಕೆ ದಾರಿ ಗೊತ್ತಿತ್ತು. ಅವನು ಆ ಕೈಯನ್ನು ನೋಡಿದ. ಬೇರೆ ಯಾರದೋ ಕೈಯಂತೆ ಕಂಡಿತು. ಮೆಲ್ಲಗೆ ಗಾಡಿಯನ್ನು ಹಿಂದಕ್ಕೆ ಒಯ್ದು ಒಣ ದಿಬ್ಬದ ಮೇಲೆ ನಿಲ್ಲಿಸಿ, ಇಂಜಿನ್ನು ಆರಿಸಿದ. ಹಿಂದೆ ಗದ್ದಲವೆದ್ದಿತು. ಅವನು ಸೀಟಿನಿಂದ ಎದ್ದು ಜನರ ಕಡೆ ತಿರುಗಿ ನಿಂತ.

"ಸಿಟ್ಟಿಗೇಳಬ್ಯಾಡ್ರಿ. ನೀರಿನ ಮಾತಲ್ಲ. ಅಂದೋಲಾ ಬಿಟ್ಟ ಮ್ಯಾಲ ಇಲ್ಲೀ ಮಟ ನಾ ಹ್ಯಾಂಗ ಬಂದೆ ಅನ್ನೂದು ನನಗ ನೆನಪಿಲ್ಲ. ಇದು ನಾಕನೇ ಸಲ. ಇವತ್ತ ನಾ ಮುಂದ ನಡಸಂಗಿಲ್ಲ."

ಹೊರಗೆ ನೀರಿನ ಸಣ್ಣ ಸದ್ದು ಕೇಳಿಸಿತು. ಹುಲೆಪ್ಪ ಹಿಂದಿನ ಬಾಗಿಲಿನ ಹತ್ತಿರ ನಿಂತವನು ಹಾಗೆಯೇ ನಿಂತಿದ್ದ. ಮಲ್ಲಣ್ಣ ತನ್ನ ಮನೆಯ ಹೆಂಗಸರ ಕಡೆ, ಅವರಿಗೆ ಒರಗಿ ಕೂತ ಕೂಸುಗಳ ಕಡೆ ನೋಡಿದ.

ಕಿಟಕಿಯ ಪಕ್ಕ ಕೂತಿದ್ದ ಗುರಮ್ಮ ಎಂಬ ಮುದುಕಿ ಮೊದಲು ಮಾತಾಡಿದಳು. "ಕೆಳಗ ಇಳದು ಗಾಳಿಗಿ ಕುಂದರೋ ಯಪ್ಪಾ. ಮುಖ ಬಿಳುಪೇರ್ಯಾದ," ಎಂದಳು.

ಜನ ಇಳಿದು ದಿಬ್ಬದ ಮೇಲೆ ಕೂತರು. ಅರ್ಧ ಗಂಟೆಯಲ್ಲಿ ಹಿಂದಿನಿಂದ ಒಂದು ಟ್ರ್ಯಾಕ್ಟರು ಬಂತು. ಮಲ್ಲಣ್ಣನ ಗುರುತಿನವನದು. ಅವನು ಗಾಡಿ ನಿಲ್ಲಿಸಿ, ನೀರೊಳಗೆ ಇಳಿದು ಕೋಲಿನಿಂದ ಅಳೆದು ಬಂದು, ಏನೂ ತೊಂದರೆ ಇಲ್ಲ ಎಂದ. ಸೇತುವೆ ಗಟ್ಟಿಯಾಗಿಯೇ ಇತ್ತು. ಬಸ್ಸು ಕೂಡ ದಾಟಬಹುದಿತ್ತು. ಲಾಡ್ಲೆಸಾಬ ಅದನ್ನು ಕೇಳಿಸಿಕೊಂಡು ತಲೆಯಾಡಿಸಿದ. ಏಳಲಿಲ್ಲ.

ನಿಶ್ಚಯಕ್ಕೆ ಹೋಗುವವರು ಟ್ರ್ಯಾಕ್ಟರಿನ ಹಿಂದಿನ ಡಬ್ಬಿಗೆ ಹತ್ತಿದರು. ಡಿಪೋಕ್ಕೆ ಬರೆದ ಚೀಟಿಯನ್ನು ಹುಲೆಪ್ಪ ಮಲ್ಲಣ್ಣನ ಕೈಗೆ ಕೊಟ್ಟ. ಮಲ್ಲಣ್ಣ ಅದನ್ನು ಜೇಬಿಗಿಟ್ಟು ಲಾಡ್ಲೆಸಾಬನ ಹತ್ತಿರ ಬಂದ.

"ಮದಲ ಡಿಪೋಕ್ಕ ಹೋಗಿ, ಆಮ್ಯಾಲ ನಿಶ್ಚಯದ ಮನಿಗಿ ಹೋಗ್ತೇನಿ. ನಮ್ಮ ಮಂದಿನೆಲ್ಲ ಕರಕೊಂಡು ಹದಿನೆಂಟು ವರ್ಷ ಅಡ್ಡಾಡಿದಿ ನೀ," ಎಂದ. ಅವನ ಹೆಗಲು ಮುಟ್ಟಿ ಟ್ರ್ಯಾಕ್ಟರಿನ ಕಡೆ ನಡೆದ.

ಹೂವಿನ ಬುಟ್ಟಿಗಳನ್ನು ತಲೆಯ ಮೇಲೆ ಎತ್ತಿ ಹಿಡಿದ ಹೆಂಗಸರೊಡನೆ ಟ್ರ್ಯಾಕ್ಟರು ಕೆಂಪು ನೀರಿನ ಮೇಲೆ ತೇಲಿದಂತೆ ಹೋಯಿತು. ಎರಡು ಮಲ್ಲಿಗೆ ದಂಡೆಗಳು ಜಾರಿ ನೀರಿಗೆ ಬಿದ್ದು ತಿರುಗುತ್ತ ಹೋದವು. ಉಳಿದವರು ಗುರಮ್ಮ ಬಿಚ್ಚಿದ ಗಂಟಿನಿಂದ ಸಜ್ಜೆರೊಟ್ಟಿ, ಶೇಂಗಾಚಟ್ನಿ ಹಂಚಿಕೊಂಡು ತಿಂದರು. ಲಾಡ್ಲೆಸಾಬನೂ ತಿಂದ. ಎಷ್ಟೋ ದಿನಗಳ ಮೇಲೆ ಅವನಿಗೆ ರೊಟ್ಟಿಯ ರುಚಿ ತಿಳಿಯಿತು. ಹುಲೆಪ್ಪ ಅವನ ಪಕ್ಕದಲ್ಲಿಯೇ ಕೂತಿದ್ದ. "ನನಗರ ಹೇಳಬಾರದೇನ್ರಿ? ಆ ದಿನ ನಾ ನಕ್ಕುಬಿಟ್ಟೆ," ಎಂದ. ಹನ್ನೆರಡೂವರೆಗೆ ಡಿಪೋದ ಜೀಪಿನಲ್ಲಿ ಬೇರೆ ಡ್ರೈವರ್ ಬಂದ. ಆ ಹೊತ್ತಿಗೆ ಹಳ್ಳ ಇಳಿದು ಬಿಳಿ ಕಲ್ಲುಗಳೆಲ್ಲ ಕಾಣುತ್ತಿದ್ದವು.

ಡಿಪೋದ ಮ್ಯಾನೇಜರ್ ಶಾಂತಲಿಂಗಪ್ಪ ಕಡಿಮೆ ಮಾತಿನ ಮನುಷ್ಯ. ಎಲ್ಲವನ್ನೂ ಕೇಳಿ, ಕನ್ನಡಕ ತೆಗೆದು ಒರೆಸಿದರು. "ಮದಲನೇ ಸಲ ಆದಾಗ ಹೇಳಬೇಕಾಗಿತ್ತು," ಎಂದರು. ಕನ್ನಡಕ ಹಾಕಿಕೊಂಡು, "ಹೇಳಿದ್ರ ನಾವು ಗಾಡಿ ಕಸಗೋತಿದ್ವಿ, ನೀ ಅಂಜಿದ್ದೂ ಖರೇನ," ಎಂದರು. ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡು ನಿಂತಿದ್ದ ಲಾಡ್ಲೆಸಾಬನಿಗೆ ಆಗ ಕಣ್ಣು ತುಂಬಿ ಬಂತು.

ಗುಲಬರ್ಗಾದ ಆಸ್ಪತ್ರೆಗೆ ಗೌಸಿಯಾಳೇ ಕರೆದುಕೊಂಡು ಹೋದಳು. ತಲೆಗೆ ತಂತಿ ಹಚ್ಚಿ ನೋಡಿದರು, ರಕ್ತ ನೋಡಿದರು, ಕಣ್ಣು ನೋಡಿದರು. ಏನೂ ಸಿಗಲಿಲ್ಲ. ಒಂದೇ ದಾರಿಯಲ್ಲಿ ವರ್ಷಗಟ್ಟಲೆ ದುಡಿದವರಿಗೆ ಹೀಗಾಗುವುದುಂಟು, ದೊಡ್ಡ ಗಾಡಿ ಓಡಿಸಬೇಡಿ ಎಂದು ಡಾಕ್ಟರು ಬರೆದುಕೊಟ್ಟರು. ವಜೀರುನ್ನಿಸಾಗೆ ಈಗ ಎಲ್ಲ ಗೊತ್ತಾಗಿತ್ತು. ಅವಳು ಎರಡು ದಿನ ಗಂಡನ ಜೊತೆ ಮಾತು ಬಿಟ್ಟಳು. ಮೂರನೆಯ ದಿನ, "ನನಗ ಹೇಳಲಿಲ್ಲಲ್ಲ," ಎಂದಷ್ಟೇ ಅಂದು ಚಹಾ ಇಟ್ಟಳು.

ಗೌಸಿಯಾ ಹೊರಡುವ ದಿನ ಅಪ್ಪನ ಹೊಸ ಕೆಲಸದ ಕಾಗದ ಬಂತು. ಜೇವರ್ಗಿ ನಿಲ್ದಾಣದಲ್ಲಿ ಕಂಟ್ರೋಲರ್. ಬಸ್ಸುಗಳು ಬಂದ ಹೊತ್ತು, ಬಿಡುವ ಹೊತ್ತು ನೋಡಿಕೊಂಡು ಸೀಟಿ ಊದಿ ಕಳಿಸುವುದು.

"ನಿನ್ನ ಕೆಲಸನ ಆತಲ್ಲ ಇದು," ಎಂದ ಲಾಡ್ಲೆಸಾಬ.

"ನಂದರಾಗ ಸೀಟಿ ಇಲ್ಲ ಅಬ್ಬಾ," ಎಂದು ಅವಳು ನಕ್ಕಳು. ನಗುತ್ತಲೇ ಅತ್ತಳು.

ಕಂಟ್ರೋಲರಿನ ಕೋಣೆಗೆ ಒಂದು ಕಿಟಕಿ, ಒಂದು ಗಡಿಯಾರ, ಒಂದು ಮೈಕು. ಮೊದಲ ವಾರ ಅವನಿಗೆ ಕೈಕಾಲು ಎಲ್ಲಿಡಬೇಕೋ ತಿಳಿಯಲಿಲ್ಲ. ಕೂತಲ್ಲಿಯೇ ಎಡಗಾಲು ಕ್ಲಚ್ಚು ಹುಡುಕುತ್ತಿತ್ತು. ನಂತರ ರೂಢಿಯಾಯಿತು. ಯಾವ ಡ್ರೈವರನಾದರೂ ಕಣ್ಣುಜ್ಜುತ್ತ ಬಂದರೆ ಅವನು ಸೀಟಿ ಊದುತ್ತಿರಲಿಲ್ಲ. "ಹಾದಿ ಹ್ಯಾಂಗಿತ್ತು? ಎಲ್ಲೆಲ್ಲಿ ನಿಂತಿದ್ದಿ?" ಎಂದು ಕೇಳುತ್ತಿದ್ದ. ತಡವರಿಸಿದರೆ ಹೋಟೆಲಿಗೆ ಕಳಿಸಿ ಚಹಾ ಕುಡಿಸುತ್ತಿದ್ದ. ಬಸ್ಸು ಹತ್ತು ನಿಮಿಷ ತಡವಾಗುತ್ತಿತ್ತು. ಜನ ಬೈಯುತ್ತಿದ್ದರು. ಅವನು ಮೈಕಿನಲ್ಲಿ ಅವರಿಗೆ ಶಾಂತವಾಗಿ ಕಾರಣ ಹೇಳುತ್ತಿದ್ದ.

ಪುಷ್ಯಮಾಸದ ಒಂದು ರಜೆಯ ದಿನ ಅವನು ವಜೀರುನ್ನಿಸಾಳ ಜೊತೆ ಅಂದೋಲಾಕ್ಕೆ ಹೊರಟ. ಅವಳ ಗೆಳತಿಯ ಮನೆಯಲ್ಲಿ ಕೂಸಿಗೆ ಹೆಸರಿಡುವುದಿತ್ತು. ಹುಲೆಪ್ಪ ಅವರಿಗೆ ಎಡಬದಿಯ ಕಿಟಕಿಯ ಸೀಟು ಬಿಡಿಸಿಕೊಟ್ಟ. ಲಾಡ್ಲೆಸಾಬ ಆ ದಾರಿಯಲ್ಲಿ ಪ್ರಯಾಣಿಕನಾಗಿ ಕೂತದ್ದು ಅದೇ ಮೊದಲು.

ಬಸ್ಸು ಊರು ದಾಟಿತು. ಹದಿನೆಂಟು ವರ್ಷ ಅವನು ಕಂಡದ್ದು ಮುಂದಿನ ರಸ್ತೆ ಮಾತ್ರ. ಈಗ ಬದಿಯೆಲ್ಲ ತೆರೆದುಕೊಂಡಿತು. ಎದೆಯೆತ್ತರದ ಬಿಳಿಜೋಳ ಗಾಳಿಗೆ ಬಾಗಿ ಏಳುತ್ತಿತ್ತು. ಅದರ ನಡುನಡುವೆ ಕುಸುಬಿಯ ಹೂ ಕಿತ್ತಳೆ ಬಣ್ಣದಲ್ಲಿ ಉರಿಯುತ್ತಿತ್ತು. ಒಂದು ಬೇವಿನ ಮರದ ಕೆಳಗೆ ಮೆಟ್ಟಿಲಿಳಿಯುವ ಕಲ್ಲಿನ ಬಾವಿಯೊಂದು ಕಂಡು, ನಿಧಾನವಾಗಿ ಹಿಂದೆ ಸರಿಯಿತು. ಅದರ ನೀರಿನಲ್ಲಿ ಆಕಾಶದ ಒಂದು ತುಂಡು ಇತ್ತು.

"ಇದು ಯಾವಾಗ ಕಟ್ಟಿಸ್ಯಾರ ಇಲ್ಲಿ?" ಎಂದು ಅವನು ಕೇಳಿದ.

ವಜೀರುನ್ನಿಸಾ ಅವನ ಮುಖ ನೋಡಿದಳು. "ನಮ್ಮ ಲಗ್ನಕಿಂತ ಮದಲಿಂದು ಅದ. ಕರಿಬಾವಿ ಅಂತಾರ. ಬ್ಯಾಸಿಗ್ಯಾಗೂ ಬತ್ತಂಗಿಲ್ಲ," ಎಂದಳು. ಆಮೇಲೆ ಅವಳು ಕಿಟಕಿಯ ಕಡೆ ಸ್ವಲ್ಪ ಬಾಗಿ, ಬೆರಳು ಮಾಡಿ ತೋರಿಸುತ್ತ ಹೋದಳು: ಅದು ಗಂಗುಬಾಯಿಯ ಹೊಲ, ಆ ಗುಡಿಸಲಲ್ಲಿ ಹಾವಿಗೆ ಔಷಧ ಕೊಡುವ ಅಜ್ಜ ಇದ್ದ, ಆ ಜೋಡಿ ಹುಣಸೆಯಲ್ಲಿ ಎಡಗಡೆಯದು ಸಿಹಿ. ಲಾಡ್ಲೆಸಾಬ ಒಂದೊಂದನ್ನೂ ತಿರುಗಿ ತಿರುಗಿ ನೋಡಿದ.